ಪೈನ್ ಮರದ ಕಟ್ಟೆ

ಕ್ಲೀ ಎಲಮ್, ಅಮೆರಿಕಾ
ಜೂನ್ 9, 2024

ಮಾವ, ನಮಸ್ಕಾರ.

ಇವತ್ತು ಬೆಳಿಗ್ಗೆ ನೀವು ಪೈನ್ ಮರಕ್ಕೆ ಕಟ್ಟಿದ ಕಟ್ಟೆಯ ಮೇಲೆ ಒಂದು ಅಳಿಲು ಕೂತು ಮೈ ಕೆರೆದುಕೊಳ್ಳುತ್ತಿತ್ತು. ಅದರ ಬೆನ್ನಿಗೆ ಪೈನ್ ಮರದ ಒಂದು ಸೂಜಿ ಎಲೆ ಅಂಟಿಕೊಂಡಿತ್ತು. ಹಸಿರು ಎಲೆಯಲ್ಲ, ಇಟ್ಟಿಗೆ ಬಣ್ಣದ್ದು. ಅಳಿಲು ಹೋದಮೇಲೆ ಹತ್ತಿರ ಹೋಗಿ ನೋಡಿದರೆ ಕಟ್ಟೆಯ ತುಂಬ ಅದೇ ಬಣ್ಣದ ಎಲೆ ಉದುರಿತ್ತು. ಪಕ್ಕದ ಮನೆಯ ಶೆರಿಲ್ ಏಳುವ ಮೊದಲೇ ಎಲ್ಲವನ್ನೂ ಗುಡಿಸಿಬಿಟ್ಟೆ. ಯಾಕೆ ಅಷ್ಟು ಅವಸರಪಟ್ಟೆನೋ ತಿಳಿಯದು.

ಬೇಸಿಗೆ ಶುರುವಾಗಿದೆ, ಅದಕ್ಕಿರಬಹುದು. ಪರ್ವತದ ಆಚೆ ಬೆಲ್ವ್ಯೂನಲ್ಲಿ ಇನ್ನೂ ಮೋಡ, ತುಂತುರು. ಇವರು ಆಫೀಸಿನಿಂದ ಒದ್ದೆ ಜಾಕೆಟ್ ಹಾಕಿಕೊಂಡು ಬರುತ್ತಾರೆ. ಘಾಟಿ ಇಳಿದು ಈಚೆ ಬಂದರೆ ನಮ್ಮ ಅಂಗಳದಲ್ಲಿ ಕಾಲಿಟ್ಟ ಕಡೆ ಧೂಳು ಏಳುತ್ತದೆ.

ನೀವು ಹೋದ ವರ್ಷ ಬಂದಿದ್ದಾಗ ಮಾಡುತ್ತಿದ್ದ ಹಾಗೆಯೇ ಶೆರಿಲ್ ದಿನಾ ಸಂಜೆ ಪೈಪ್ ಎಳೆದುಕೊಂಡು ಬಂದು ಕಟ್ಟೆಯೊಳಗೆ ನೀರು ಬಿಡುತ್ತಾರೆ. ಆಮೇಲೆ ನೀವು ಕೂರುತ್ತಿದ್ದ ಜಾಗ ಬಿಟ್ಟು ಅದರ ಪಕ್ಕದಲ್ಲಿ ಕೂರುತ್ತಾರೆ. 'ಮಿಸ್ಟರ್ ಸತ್ಯ ಯಾವಾಗ ಬರ್ತಾರೆ?' ಎಂದು ನಿನ್ನೆಯೂ ಕೇಳಿದರು. ಬಿಸಿಲಿಗೆ ತೊಗಟೆಯಿಂದ ಬೆಲ್ಲದ ಪಾಕದ ವಾಸನೆ ಬರುತ್ತದೆ ಎಂದು ನೀವು ಹೇಳುತ್ತಿದ್ದಿರಲ್ಲ, ಈ ಸಲ ಅಷ್ಟು ಬರುತ್ತಿಲ್ಲ. ನನಗೆ ನೆಗಡಿ, ಅದಕ್ಕೂ ಇರಬಹುದು.

ಫೋನಿನಲ್ಲಿ ನಮ್ಮ ಮಾತು ನಿಮ್ಮ ಕಿವಿಗೆ ಬೀಳುವುದಿಲ್ಲ, ನೀವು ಸುಮ್ಮನೆ ನಗುತ್ತೀರಿ. ಹಾಗಾಗಿ ಬರೆಯುವುದೇ ವಾಸಿ. ಮಧು ಇದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿ ಕೊಡುತ್ತಾಳೆ.

ನಿಮ್ಮ ಸೊಸೆ,
ತೇಜಶ್ರೀ


ನಂಜನಗೂಡು
ಜೂನ್ 17, 2024

ತೇಜಶ್ರೀ, ಮಗು, ನಿನಗೂ ರಘುವಿಗೂ ಆಶೀರ್ವಾದ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಎಲೆ ಕೆಂಪಾಗಿದ್ದರೆ ನೀರು ಸಾಲದು ಎಂದು ಅರ್ಥ. ಒಂದು ಹೊತ್ತು ಹಾಕುತ್ತಿದ್ದರೆ ಎರಡು ಹೊತ್ತು ಹಾಕಿ. ಕಟ್ಟೆಯ ಮಣ್ಣು ಇಳಿದಿದ್ದರೆ ಇನ್ನೆರಡು ಬುಟ್ಟಿ ತುಂಬಿ, ಮೆಟ್ಟಿ ಗಟ್ಟಿ ಮಾಡಿ. ನಮ್ಮ ಬಸ್ ಡಿಪೋ ಮುಂದಿನ ಅರಳಿಮರಕ್ಕೆ ಕಟ್ಟೆ ಕಟ್ಟಿಸಿದವನು ನಾನೇ. ಇವತ್ತಿಗೂ ಅದರ ಎಲೆ ಫಳಫಳ ಹೊಳೆಯುತ್ತದೆ.

ಆಯಮ್ಮನಿಗೆ ನನ್ನ ಜಾಗದಲ್ಲೇ ಕೂತುಕೊಳ್ಳಲು ಹೇಳು. ಅಲ್ಲಿ ಕಲ್ಲು ನುಣುಪಾಗಿದೆ. ಇಬ್ಬರೂ ಎಷ್ಟು ಮಾತಾಡಿದೆವು! ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು, ಸಾಲದ್ದಕ್ಕೆ ನನಗೆ ಕಿವಿಯೂ ಇಲ್ಲ. ಹಾಗಾಗಿ ಒಂದು ದಿನವೂ ಜಗಳವಾಗಲಿಲ್ಲ. ನಿಮ್ಮತ್ತೆಯ ಜೊತೆಗೂ ಇಷ್ಟು ಸಲೀಸಾಗಿ ಕೂತವನಲ್ಲ ನಾನು.

ಇಲ್ಲಿ ನನ್ನನ್ನು ಅಮೆರಿಕಾ ಕಟ್ಟೆ ಸತ್ಯಣ್ಣ ಎನ್ನುತ್ತಾರೆ. ಪ್ರಭುದೇವ ಮೇಷ್ಟ್ರು ಮಾತ್ರ 'ಅಲ್ಲಿಯವರಿಗೆ ಕುರ್ಚಿ ಇರಲಿಲ್ವೇನಯ್ಯ?' ಎಂದು ರೇಗಿಸಿದರು. ಕುರ್ಚಿಯಲ್ಲಿ ಒಬ್ಬನೇ ಕೂರಬಹುದು ಎಂದೆ.

ಇಂತಿ ನಿನ್ನ ಮಾವ,
ಸತ್ಯನಾರಾಯಣ


ಕ್ಲೀ ಎಲಮ್
ಜುಲೈ 8, 2024

ಮಧು,

ಇದು ನಿನಗೆ ಮಾತ್ರ. ಮಾವನಿಗೆ ಪ್ರಿಂಟ್ ಮಾಡಿಸಬೇಡ.

ಮರ ನೋಡಲು ಜೂಲಿಯಾನಾ ಎಂಬಾಕೆ ಬಂದಿದ್ದಳು. ಈ ಕಡೆ ಮನೆಯವರು ಮರಗಳ ಆರೈಕೆಗೆ ಅವಳ ಕಂಪನಿಯನ್ನೇ ಕರೆಯುತ್ತಾರೆ. ಅರ್ಧ ಮರ ಕೆಂಪಾದಮೇಲೆ ನಿಮ್ಮಣ್ಣ ಫೋನ್ ಮಾಡಿದರು. ಅವಳು ತಲೆಯೆತ್ತಿ ಕೊಂಬೆಗಳನ್ನು ನೋಡುತ್ತಾಳೆ ಎಂದುಕೊಂಡಿದ್ದೆ. ಅವಳು ನೇರ ಕಟ್ಟೆ ಹತ್ತಿ ಮೊಣಕಾಲೂರಿ ಕೂತಳು.

'ಇದರ ಬುಡ ಎಲ್ಲಿದೆ?' ಎಂದಳು.

ಮಣ್ಣಿನ ಒಳಗೆ ಎಂದೆ. ಕರಣೆಯಂಥದ್ದರಲ್ಲಿ ಕಾಂಡದ ಪಕ್ಕ ತೋಡಿದಳು. ತೋಡುತ್ತಾ ತೋಡುತ್ತಾ ಅವಳ ಮೊಣಕೈವರೆಗೂ ಹೋಯಿತು. ಒಳಗಿನ ತೊಗಟೆ ಚಹಾದಲ್ಲಿ ನೆನೆದ ರಸ್ಕಿನ ಹಾಗೆ ಅವಳ ಬೆರಳಿಗೆ ಅಂಟಿಕೊಂಡು ಬಂತು. ಮೂಸಿ ನೋಡಿ ನನಗೂ ಹಿಡಿದಳು. ಕೊಳೆತ ವಾಸನೆ.

'ಕಾಂಡ ಅಗಲವಾಗಿ ಬೇರಾಗೋ ಜಾಗ ಇರುತ್ತಲ್ಲ, ಅದಕ್ಕೆ ಗಾಳಿ ಬೇಕು. ಒಣ ಬೆಟ್ಟದಲ್ಲಿ ಹುಟ್ಟಿರೋ ಮರ ಇದು. ನೀವು ಒದ್ದೆ ಮಣ್ಣು ತುಂಬಿ ಉಸಿರು ಕಟ್ಟಿಸಿದೀರ' ಎಂದಳು.

ನಮ್ಮೂರಲ್ಲಿ ದೊಡ್ಡ ಮರಗಳಿಗೆ ಕಟ್ಟೆ ಕಟ್ಟುತ್ತೇವೆ, ಜನ ಕೂರುತ್ತಾರೆ, ಪೂಜೆ ಮಾಡುತ್ತಾರೆ ಎಂದು ಹೇಗೋ ಹೇಳಿದೆ. ನನ್ನ ಇಂಗ್ಲಿಷ್ ನಿನಗೆ ಗೊತ್ತಲ್ಲ, ನಡುವೆ ಎರಡು ಸಲ ನಿಂತೆ. ಅವಳು ಕೊನೆವರೆಗೂ ಕೇಳಿಸಿಕೊಂಡಳು. 'ನಿಮ್ಮ ಆ ಮರಗಳು ಹೊಸ ಮಣ್ಣು ಸಿಕ್ಕರೆ ಹೊಸ ಬೇರು ಬಿಡ್ತಾವೇನೋ. ಇದು ಬಿಡಲ್ಲ' ಎಂದಳು.

ತೊಗಟೆಯಲ್ಲಿ ಹುಳವೂ ಬಿದ್ದಿದೆ. ಆದರೆ ಹುಳ ಆಮೇಲೆ ಬಂದದ್ದಂತೆ. ಬಲವಿರುವ ಮರ ಅಂಟು ಸುರಿಸಿ ಹುಳುವನ್ನು ಹೊರಗೆ ನೂಕುತ್ತದಂತೆ, ಸೋತ ಮರಕ್ಕೆ ಅದೂ ಆಗುವುದಿಲ್ಲವಂತೆ. 'ನೀರು ಇವತ್ತೇ ನಿಲ್ಲಿಸಿ. ಹಿಮ ಬೀಳೋ ಮೊದಲು ಕಟ್ಟೆ ಬಿಚ್ಚಿ. ಮೆಷಿನ್ ಬೇಡ, ಬೇರಿಗೆ ಏಟಾಗುತ್ತೆ, ಕೈಯಲ್ಲೇ ತೆಗೀರಿ. ಉಳಿಯಬಹುದು. ಮಾತು ಕೊಡಲ್ಲ' ಎಂದು ಹೇಳಿ ಹೊರಟಳು.

ಮುಂದೆ ಆದದ್ದನ್ನು ಬರೆಯಲು ಕೈ ಬರುತ್ತಿಲ್ಲ.

ಅವಳ ಟ್ರಕ್ ತಿರುಗುತ್ತಿದ್ದ ಹಾಗೆ ಶೆರಿಲ್ ಓಡಿ ಬಂದರು. ಮರ ಇರುವುದು ಎರಡೂ ಮನೆಗಳ ಗಡಿಯಲ್ಲಿ. ಅವರ ತಂದೆ ಮನೆ ಕಟ್ಟುವಾಗ ಈ ಮರಕ್ಕೆ ತಾಗಬಾರದೆಂದು ಅಡುಗೆಮನೆಯನ್ನೇ ಓರೆಯಾಗಿ ಕಟ್ಟಿಸಿದರಂತೆ. ಅಂಥ ಮರಕ್ಕೆ ಮಾವ ಕಟ್ಟೆ ಕಟ್ಟುತ್ತೇನೆ ಎಂದಾಗ ಆಯಮ್ಮ ಬೇಡ ಎನ್ನಲಿಲ್ಲ, ತಾವೂ ಕಲ್ಲು ಹೊತ್ತರು. 'ಏನಂತೆ?' ಎಂದು ಕೇಳಿದರು. ನಿಮ್ಮಣ್ಣ 'ಬೀಟಲ್ಸ್' ಎಂದರು. ಅಷ್ಟೇ. ಶೆರಿಲ್ ತಿರುಗಿ ತಮ್ಮ ಸೌದೆ ರಾಶಿ ನೋಡಿದರು. ಚಳಿಗಾಲದ ಒಲೆಗೆಂದು ಮರದ ಹತ್ತಿರವೇ ಒಟ್ಟಿಟ್ಟಿದ್ದರು.

'ಹುಳ ನನ್ನ ಸೌದೆಯಿಂದ ಬಂತಾ?'

'ಇರಬಹುದು' ಎಂದರು ನಿಮ್ಮಣ್ಣ.

ಶೆರಿಲ್ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಆಯಮ್ಮನ ಕಣ್ಣು ತುಂಬಿತು. ನನ್ನ ಕೈ ಹಿಡಿದುಕೊಂಡು ನಮ್ಮಿಬ್ಬರ ಕ್ಷಮೆ ಕೇಳಿದರು. ಆ ಸಂಜೆಯೂ ಪೈಪ್ ಎಳೆದುಕೊಂಡು ಬಂದು ನೀರು ಬಿಟ್ಟರು. ಬೇಡ ಎನ್ನಬೇಕಾದರೆ ಯಾಕೆಂದು ಹೇಳಬೇಕು. ನಾನು ಪರದೆ ಎಳೆದುಕೊಂಡೆ.

ಮಾವನಿಗೆ ನಿಜ ಹೇಳಿಬಿಡಲೇ?

ತೇಜು


ನಂಜನಗೂಡು
ಜುಲೈ 10, 2024

ಅತ್ತಿಗೆ,

ಖಂಡಿತ ಹೇಳಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ.

ಇಲ್ಲಿಯ ಪರಿಸ್ಥಿತಿ ನಿಮಗೆ ಗೊತ್ತಿಲ್ಲ. ಕಟ್ಟೆಯ ಫೋಟೊ ಲ್ಯಾಮಿನೇಟ್ ಮಾಡಿಸಿ ಜೇಬಲ್ಲಿ ಇಟ್ಟುಕೊಂಡು ಓಡಾಡ್ತಾರೆ. ಹಾಲು ಹಾಕೋ ಸಾಕಮ್ಮನಿಗೂ ತೋರಿಸಿ ಆಗಿದೆ. ಅವಳು ಪಾಪ, 'ದೇವ್ರು ಎಲ್ಲಿ ಬುದ್ಧಿ, ಬರೀ ಕಟ್ಟೆ ಐತೆ?' ಅಂದಳು. ಅಮ್ಮ ಹೋದಮೇಲೆ ಅಪ್ಪ ಕೈಯಾರೆ ಮಾಡಿದ ಕೆಲಸ ಅದೊಂದೇ. ಅಲ್ಲಿಗೆ ಬರೋ ಮೊದಲು ಆರು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿರ್ತಿದ್ದರು. ನೀವು ನೋಡಿಲ್ಲ, ನಾನು ನೋಡಿದೀನಿ. ಸತ್ಯಣ್ಣ ಮತ್ತೆ ಮನುಷ್ಯನಾದ ಅಂತ ಬೀದಿಯವರೆಲ್ಲ ಹೇಳ್ತಾರೆ. ಅದೇ ಕೈಯಿಂದ ಒಂದು ಮರ ಸಾಯಿಸಿದ್ರಿ ಅಂತ ಈಗ ಹೇಳೋದಾ?

ಹುಳ ಅಂತ ಆಗಿದೆ, ಹುಳ ಅಂತಲೇ ಇರಲಿ. ಹುಳಕ್ಕೇನು ಮಾನ ಹೋಗುತ್ತಾ? ಆಯಮ್ಮ ನಾಲ್ಕು ದಿನ ಬೇಜಾರು ಮಾಡಿಕೊಂಡು ಮರೀತಾರೆ.

ನೀವು ತುಂಬ ಮೆತ್ತಗಿನವರು, ಎಲ್ಲಾನೂ ಮನಸ್ಸಿಗೆ ಹಚ್ಚಿಕೊಳ್ತೀರ. ಅಪ್ಪ ಹೊರಗೆ ಕರೀತಿದಾರೆ, ಫೋಟೊ ಒರೆಸೋಕೆ ಬಟ್ಟೆ ಬೇಕಂತೆ.

ಮಧುಶ್ರೀ


ಕ್ಲೀ ಎಲಮ್
ಆಗಸ್ಟ್ 4, 2024

ಮಾವ, ನಮಸ್ಕಾರ.

ಮರಕ್ಕೆ ಹುಳ ಬಿದ್ದಿದೆ. ತಿಳಿದವರು ಬಂದು ನೋಡಿದರು. ಉಳಿಯಬಹುದು ಎಂದಿದ್ದಾರೆ.

ಶೆರಿಲ್ ತಮ್ಮ ಸೌದೆಯಿಂದ ಹುಳ ಬಂತೆಂದು ನೊಂದುಕೊಂಡು, ಇದ್ದ ಸೌದೆಯನ್ನೆಲ್ಲ ಲಾರಿಗೆ ಹೇರಿಸಿ ಕಳಿಸಿಬಿಟ್ಟರು. ಅದು ಇಡೀ ಚಳಿಗಾಲದ ಸೌದೆ. ನಿಮ್ಮ ಕಟ್ಟೆಯ ಮರಕ್ಕೆ ಹೀಗಾಯಿತಲ್ಲ ಎಂದು ನಿಮ್ಮಲ್ಲಿಯೂ ಕ್ಷಮೆ ಕೇಳಲು ಹೇಳಿದರು. ಹೇಳಿದ್ದೇನೆ.

ಇಲ್ಲಿ ಬಿಸಿಲು ಜೋರು. ಬೇರೆ ವಿಶೇಷವಿಲ್ಲ.

ತೇಜಶ್ರೀ


ನಂಜನಗೂಡು
ಆಗಸ್ಟ್ 16, 2024

ತೇಜಶ್ರೀ, ಮಗು, ಆಶೀರ್ವಾದ.

ನಿನ್ನ ಕಾಗದ ಇಷ್ಟು ಚಿಕ್ಕದಾಗಿ ಬಂದದ್ದು ಇದೇ ಮೊದಲು. ಮರದ ಸುದ್ದಿಯಿಂದ ನಿನಗೂ ಬೇಸರವಾಗಿದೆ ಎಂದು ಅರ್ಥವಾಯಿತು.

ಆಯಮ್ಮನಿಗೆ ಕೆಳಗೆ ನಾಲ್ಕು ಸಾಲು ಬರೆದಿದ್ದೇನೆ. ಇಂಗ್ಲಿಷ್ ಮಾಡಿ ಕೊಡು. ನೀನು ಸಾಹಿತ್ಯ ಓದಿದವಳು, ಒರಟಾಗದ ಹಾಗೆ ಮಾಡುತ್ತೀಯ.

"ತಂಗಿ ಶೆರಿಲ್ ಅವರಿಗೆ ಸತ್ಯನಾರಾಯಣನ ನಮಸ್ಕಾರ. ನನ್ನ ಕ್ಷಮೆ ಕೇಳಿದಿರೆಂದು ಸೊಸೆ ಬರೆದಿದ್ದಾಳೆ. ಬೇಕೆಂದು ಯಾರೂ ಮರಕ್ಕೆ ಹುಳ ಬಿಡುವುದಿಲ್ಲ. ನಿಮ್ಮ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಆದದ್ದನ್ನು ಮನಸ್ಸಿನಿಂದ ತೆಗೆದುಹಾಕಿ. ನಾನು ಕಟ್ಟಿದ ಕಟ್ಟೆ ಇದೆ, ಅದರ ತಂಪಿಗೆ ಬೇರು ಚೇತರಿಸಿಕೊಳ್ಳುತ್ತದೆ. ನೀರು ಮಾತ್ರ ತಪ್ಪಿಸಬೇಡಿ. ನೀವು ಹೊತ್ತು ತಂದ ದೊಡ್ಡ ಕಲ್ಲು ಮೆಟ್ಟಿಲ ಹತ್ತಿರ ಇದೆ, ನೋಡಿದಾಗಲೆಲ್ಲ ನನ್ನನ್ನು ನೆನೆಯಿರಿ."

ಇಂತಿ,
ಸತ್ಯನಾರಾಯಣ


ಕ್ಲೀ ಎಲಮ್
ಸೆಪ್ಟೆಂಬರ್ 22, 2024

ಮಧು,

ಮಾವ ಮೂರು ಸಲ ಕೇಳಿದರು ಎಂದು ಬರೆದಿದ್ದೀಯ. ಇಲ್ಲ, ಶೆರಿಲ್‌ಗೆ ಆ ಪತ್ರ ಕೊಟ್ಟಿಲ್ಲ. ಇಂಗ್ಲಿಷ್ ಮಾಡುವುದೇನೋ ಅವತ್ತೇ ಮಾಡಿದೆ. ಚೆನ್ನಾಗಿಯೂ ಬಂದಿದೆ, ಅದೇ ಕಷ್ಟ. ಓದಿದರೆ ಆಯಮ್ಮ ಅತ್ತುಬಿಡುತ್ತಾರೆ. ತಾವು ಮಾಡದ ತಪ್ಪಿಗೆ ಮಾವನಿಂದ ಕ್ಷಮೆ ಪಡೆದು, ಅದಕ್ಕೆ ಋಣಿಯಾಗಿ, ಇನ್ನೊಂದು ಹೊತ್ತು ಹೆಚ್ಚು ನೀರು ಬಿಡುತ್ತಾರೆ.

ಹೋದ ಶನಿವಾರ ಬೆಲ್ವ್ಯೂ ಹತ್ತಿರದ ಟೋಟೆಮ್ ಲೇಕ್‌ನಲ್ಲಿ ನಿಮ್ಮಣ್ಣನ ಸ್ನೇಹಿತ ವೆಂಕಟೇಶ್ ಮನೆಗೆ ಊಟಕ್ಕೆ ಹೋಗಿದ್ದೆವು. ಅವರ ಹೆಂಡತಿ ಕಟ್ಟೆಯ ಮೇಲೆ ಕೂತು ಫೋಟೊ ತೆಗೆಸಿಕೊಳ್ಳಬೇಕು, ಯಾವಾಗ ಬರಲಿ ಎಂದು ಕೇಳಿದರು. ನಿಮ್ಮಣ್ಣ 'ಬನ್ನಿ ಬನ್ನಿ, ಎನಿ ಟೈಮ್' ಎಂದರು. ವಾಪಸ್ ಬರುವಾಗ ಕಾರಿನಲ್ಲಿ ನಾನು ಮಾತು ತೆಗೆದೆ.

'ಹಿಮ ಬೀಳೋ ಮೊದಲು ಕಟ್ಟೆ ತೆಗೀಬೇಕು ಅಂತ ಜೂಲಿಯಾನಾ ಅಂದಿದ್ಳಲ್ಲ.'

'ತೆಗೆದ್ರೆ ಶೆರಿಲ್ ಯಾಕೆ ಅಂತ ಕೇಳ್ತಾರೆ.'

'ಕೇಳಲಿ.'

'ಏನಂತ ಹೇಳ್ಲಿ? ನಮ್ಮಪ್ಪ ನಿಮ್ಮ ಮರ ಕೊಂದ್ರು, ನಾನು ನಿಮ್ಮ ಮೇಲೆ ಹಾಕ್ದೆ ಅಂತಾನಾ? ನಾವು ಇನ್ನೂ ಮೂವತ್ತು ವರ್ಷ ಆ ಮನೇಲಿ ಇರ್ಬೇಕು ತೇಜು. ನೀನು ಲಿಟರೇಚರ್ ಓದಿದೀಯ, ಎಲ್ಲದರಲ್ಲೂ ಕಥೆ ಕಾಣುತ್ತೆ ನಿನಗೆ. ಮುಂದಿನ ವಾರ ನೋಡೋಣ.'

ಅವರು ಕೆಟ್ಟವರಲ್ಲ ಮಧು. ಸ್ಟೀರಿಂಗ್ ಮೇಲೆ ಅವರ ಬೆರಳು ಬಿಳುಚಿಕೊಂಡಿದ್ದವು. ನಾಚಿಕೆಗೆ ಹೀಗೆಲ್ಲ ಆಗುತ್ತದೆ ಎಂದು ನನಗೂ ಈಗೀಗ ಗೊತ್ತಾಗುತ್ತಿದೆ. ಶೆರಿಲ್ ಅಂಚೆ ಡಬ್ಬಿಯ ಹತ್ತಿರ ಇದ್ದರೆ ಅವರು ಒಳಗೆ ಹೋಗುವವರೆಗೂ ನಾನು ಹೊರಗೆ ಹೋಗುವುದಿಲ್ಲ. ಮೊನ್ನೆ ಅವರೇ ಬಾಗಿಲಿಗೆ ಬಂದು ಸೇಬಿನ ಕಡುಬು ಕೊಟ್ಟು ಹೋದರು. ಆರಿದಮೇಲೂ ನನಗೆ ತಿನ್ನಲಾಗಲಿಲ್ಲ. ನಿಮ್ಮಣ್ಣನೂ ತಿನ್ನಲಿಲ್ಲ. ಪಾತ್ರೆ ತೊಳೆದು, ತುಂಬ ಚೆನ್ನಾಗಿತ್ತು ಎಂದು ಹೇಳಿ ವಾಪಸ್ ಕೊಟ್ಟೆ.

ತೇಜು


ಕ್ಲೀ ಎಲಮ್
ಅಕ್ಟೋಬರ್ 8, 2024

ಮಾವ, ನಮಸ್ಕಾರ.

ಇದನ್ನು ಕೈಯಲ್ಲಿ ಬರೆದು ಅಂಚೆಗೆ ಹಾಕುತ್ತಿದ್ದೇನೆ. ಫೋನಿಗೆ ಕಳಿಸಿದರೆ ಮಧು ನಿಮಗೆ ತೋರಿಸದೇ ಇರಬಹುದು. ಅವಳು ನಿಮ್ಮ ಮೇಲಿನ ಪ್ರೀತಿಯಿಂದ ಹಾಗೆ ಮಾಡುತ್ತಾಳೆ, ಅವಳನ್ನು ಬೈಯಬೇಡಿ. ಅಕ್ಷರ ಆದಷ್ಟು ದೊಡ್ಡದಾಗಿ ಬರೆದಿದ್ದೇನೆ.

ಇವತ್ತು ಬೆಳಿಗ್ಗೆ ಬೆಟ್ಟದ ತುದಿಯಲ್ಲಿ ಹಿಮ ಕಾಣಿಸಿತು. ಈ ಬೀದಿಯ ಎಲ್ಲ ಮನೆಗಳ ಹೊಗೆ ಕೊಳವೆಯಲ್ಲಿ ಹೊಗೆ ಇತ್ತು, ಶೆರಿಲ್ ಮನೆಯದೊಂದನ್ನು ಬಿಟ್ಟು. ಓರೆಯಾಗಿರುವ ಆ ಅಡುಗೆಮನೆಯ ಕಿಟಕಿಯಲ್ಲಿ ಆಯಮ್ಮ ಕೋಟು, ಟೋಪಿ ಹಾಕಿಕೊಂಡು ನಿಂತು ಕಾಫಿ ಕುಡಿಯುತ್ತಿದ್ದರು. ಇವರು ಹೋದ ವಾರ ಸೌದೆ ತರಿಸಿಕೊಡುತ್ತೇನೆಂದು ಹೇಳಿದ್ದರು. 'ಬೇಡ, ಇನ್ನು ಈ ಅಂಗಳಕ್ಕೆ ನಾನು ಸೌದೆ ತರಲ್ಲ' ಎಂದರಂತೆ. ನನ್ನನ್ನು ನೋಡಿ ಕಿಟಕಿಯಿಂದಲೇ ಕೈ ಬೀಸಿದರು. ನಾನೂ ಬೀಸಿದೆ. ಬೀಸಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಮಾವ, ಮರ ಕೆಂಪಾದದ್ದು ಸೌದೆಯ ಹುಳದಿಂದಲ್ಲ. ಕಟ್ಟೆಯಿಂದ. ಅರಳಿಮರ ಹೊಸ ಮಣ್ಣಿಗೆ ಹೊಸ ಬೇರು ಬಿಡುತ್ತದಂತೆ, ಈ ಪೈನ್ ಬಿಡುವುದಿಲ್ಲ. ಬುಡಕ್ಕೆ ಗಾಳಿ ಇಲ್ಲದೆ, ನಾವು ಹಾಕಿದ ನೀರು ಅಲ್ಲೇ ನಿಂತು, ತೊಗಟೆ ಕೊಳೆತಿದೆ. ಹುಳ ಬಂದದ್ದು ಆಮೇಲೆ. ಇದು ನಮಗೆ ಜುಲೈಯಲ್ಲೇ ಗೊತ್ತಾಯಿತು. ಶೆರಿಲ್ ಕೇಳಿದಾಗ ಇವರು ಹುಳ ಎಂದರು. ಆಯಮ್ಮ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ.

ನಿಮ್ಮದು ತಪ್ಪೇ ಅಲ್ಲ ಎಂದು ಬರೆದರೆ ಇನ್ನೊಂದು ಸುಳ್ಳು ಬರೆದ ಹಾಗೆ. ನೀವು ಕಟ್ಟಿದ್ದರಿಂದಲೇ ಹೀಗಾಯಿತು. ಆದರೆ ನಿಮಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ಮೂರು ತಿಂಗಳು ಕಿಟಕಿಯಿಂದ ನೋಡುತ್ತಾ ಕೂತವಳು ನಾನು. ನಿಮ್ಮ ಅಮೆರಿಕಾ ಕಟ್ಟೆಯ ಹೆಸರು ಉಳಿಸುತ್ತೇವೆಂದು ಅಂದುಕೊಂಡೆವು. ನಾವು ಉಳಿಸಿದ್ದು ನಮ್ಮ ಮುಖವನ್ನು. ಅದೂ ಉಳಿದಿಲ್ಲ, ಕನ್ನಡಿಯಲ್ಲಿ ನೋಡಿಕೊಳ್ಳುವುದು ಕಷ್ಟವಾಗಿದೆ.

ಶೆರಿಲ್‌ಗೆ ನೀವು ಬರೆದ ನಾಲ್ಕು ಸಾಲನ್ನು ಕೊಡುವುದಿಲ್ಲ. ಇದನ್ನು ಓದಿದ ಮೇಲೆ ನಿಮಗೆ ಬೇರೆ ನಾಲ್ಕು ಸಾಲು ಬರೆಯಬೇಕೆನ್ನಿಸಿದರೆ ಬರೆಯಿರಿ, ಅದನ್ನು ಕೊಡುತ್ತೇನೆ. ನನ್ನ ಮೇಲೆ ಸಿಟ್ಟು ಬಂದರೆ ಅದನ್ನೂ ಬರೆಯಿರಿ.

ನಾಳೆ ಇವರು ಬೆಳಿಗ್ಗೆಯೇ ಬೆಲ್ವ್ಯೂಗೆ ಹೋಗುತ್ತಾರೆ. ಇವರಿಗೆ ನಾನು ಇನ್ನೂ ಹೇಳಿಲ್ಲ. ಹೇಳಿದರೆ ಮುಂದಿನ ವಾರ ಎನ್ನುತ್ತಾರೆ, ನಾನೂ ಸರಿ ಎಂದುಬಿಡುತ್ತೇನೆ, ನನಗೆ ನನ್ನದೇ ಭಯ. ಮೊದಲು ಹೋಗಿ ಈ ಪತ್ರವನ್ನು ಅಂಚೆಗೆ ಹಾಕಿ ಬರುತ್ತೇನೆ. ಆಮೇಲೆ ಮೆಟ್ಟಿಲ ಹತ್ತಿರದಿಂದ ಬಿಚ್ಚಲು ಶುರುಮಾಡುತ್ತೇನೆ. ಕೈಗವಸು, ಬುಟ್ಟಿ, ಸಣ್ಣ ಗುದ್ದಲಿ ಹೊರಗೆ ತೆಗೆದಿಟ್ಟಿದ್ದೇನೆ. ಕಲ್ಲುಗಳನ್ನು ಬಿಸಾಡುವುದಿಲ್ಲ. ಮರದಿಂದ ದೂರ, ಇಬ್ಬರು ಕೂರುವಷ್ಟು ಏನಾದರೂ ಕಟ್ಟಬಹುದಾದರೆ ಎಲ್ಲಿ, ಹೇಗೆ ಎಂದು ನೀವೇ ಹೇಳಬೇಕು.

ಮೊದಲ ಕಲ್ಲಿನ ಸದ್ದಿಗೇ ಶೆರಿಲ್ ಹೊರಗೆ ಬರುತ್ತಾರೆ. ಕೋಟು ಹೇಗೂ ಮೈಮೇಲೇ ಇರುತ್ತದೆ. ಬಂದು, ಏನು ಮಾಡುತ್ತಿದ್ದೀಯ, ಯಾಕೆ ಎಂದು ಕೇಳುತ್ತಾರೆ. ಆಮೇಲೆ ಅವತ್ತಿನ ಹಾಗೆ ನನ್ನ ಮುಖ ನೋಡುತ್ತಾರೆ.

ಈ ಸಲ ನಾನು ತಲೆಯಾಡಿಸುವುದಿಲ್ಲ. ಬಾಯಿ ಬಿಟ್ಟು ಹೇಳುತ್ತೇನೆ.

ನಿಮ್ಮ ಸೊಸೆ,
ತೇಜಶ್ರೀ